ವಿಳಾಸಪಟ್ಟಿ ಕೆಡದಂತೆ ಇಳಿಸಿಕೊಳ್ಳಲು ಯಾವ ಫೈಲ್, ಯಾವ ತಂತ್ರಾಂಶ?

ಸಂಘದ ಸದಸ್ಯರಿಗೆ ವಾರ್ಷಿಕ ಸಭೆಯ ನೋಟಿಸ್ ಹೋಗಬೇಕು, ಲಗ್ನಪತ್ರಿಕೆಗಳ ಮೇಲೆ ವಿಳಾಸದ ಚೀಟಿ ಅಂಟಿಸಬೇಕು, ಇಲ್ಲವೇ ಚಂದಾದಾರರ ಪಟ್ಟಿಯನ್ನು ಮುದ್ರಣಾಲಯಕ್ಕೆ ಕೊಡಬೇಕು. ಹೆಸರು, ವಿಳಾಸಗಳೆಲ್ಲ ಫೋನಿನಲ್ಲೋ ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲೋ ಕೂತಿವೆ. ಎಕ್ಸ್‌ಪೋರ್ಟ್ ಒತ್ತಿದರೆ ಫೈಲೇನೋ ಬರುತ್ತದೆ. ತೆರೆದರೆ ಕನ್ನಡ ಇರಬೇಕಾದ ಕಡೆ ಗೀಟು ಚುಕ್ಕಿಗಳ ಲ್ಯಾಟಿನ್ ಅಕ್ಷರಗಳು, ಮೊಬೈಲ್ ನಂಬರಿನ ಜಾಗದಲ್ಲಿ 9.19845ಇ+11 ಎಂಬ ವಿಚಿತ್ರ ಸಂಖ್ಯೆ. 12/4 ಎಂಬ ಮನೆ ನಂಬರು ಏಪ್ರಿಲ್ 12 ಆಗಿಹೋಗಿದೆ.

ಇಂಥ ಹೊತ್ತಿನಲ್ಲಿ ಎಲ್ಲರೂ ಎಕ್ಸ್‌ಪೋರ್ಟ್ ಮಾಡಿದ ತಂತ್ರಾಂಶವನ್ನು ಬೈಯುತ್ತಾರೆ. ಹೆಚ್ಚಿನ ಸಲ ತಪ್ಪು ಅಲ್ಲಿರುವುದಿಲ್ಲ. ಇಳಿದ ಫೈಲ್ ಸರಿಯಾಗಿಯೇ ಇರುತ್ತದೆ. ಅದನ್ನು ಡಬಲ್ ಕ್ಲಿಕ್ ಮಾಡಿ ತೆರೆದಾಗ ಓದುವುದು ತಪ್ಪಾಗುತ್ತದೆ, ಸೇವ್ ಒತ್ತಿದಾಗ ಆ ತಪ್ಪು ಕಾಯಂ ಆಗುತ್ತದೆ. ಆದ್ದರಿಂದ ಆಯ್ಕೆ ಎರಡು ಕಡೆ ಮಾಡಬೇಕು: ಯಾವ ಬಗೆಯ ಫೈಲ್ ಇಳಿಸಿಕೊಳ್ಳುವುದು, ಅದನ್ನು ಯಾವುದರಲ್ಲಿ ತೆರೆಯುವುದು. ಎರಡಕ್ಕೂ ಮೊದಲು, ಇಳಿದ ಫೈಲಿನ ಒಂದು ಪ್ರತಿಯನ್ನು ಬೇರೆ ಫೋಲ್ಡರಿನಲ್ಲಿಟ್ಟು ಅದನ್ನು ಮುಟ್ಟದೆ ಬಿಡಿ.

ಕೆಟ್ಟಿರುವುದು ಏನು ಎಂದು ಮೊದಲು ಗುರುತಿಸಿ

ಕಣ್ಣಿಗೆ ಕಾಣುವ ಕಸದಲ್ಲೇ ಸುಳಿವಿದೆ. ತಲೆಯ ಮೇಲೆ ಓರೆ ಗೀಟಿರುವ ಚಿಕ್ಕ ಲ್ಯಾಟಿನ್ ‘ಎ’, ಅದರ ಪಕ್ಕ ಮೇಲಕ್ಕೆತ್ತಿದ ಪುಟ್ಟ 2 ಅಥವಾ 3, ಇದೇ ಜೋಡಿ ಮತ್ತೆ ಮತ್ತೆ ಬರುತ್ತಿದ್ದರೆ ಗಾಬರಿ ಬೇಡ. ಯುಟಿಎಫ್-8ರಲ್ಲಿ, ಅಂದರೆ ಎಲ್ಲ ಭಾಷೆಯ ಅಕ್ಷರಗಳನ್ನೂ ಬೈಟ್‌ಗಳಾಗಿ ಬರೆದಿಡುವ ಈಗಿನ ಪದ್ಧತಿಯಲ್ಲಿ, ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್. ಮೊದಲ ಎರಡು ಬೈಟ್‌ಗಳು ಎಲ್ಲ ಕನ್ನಡ ಅಕ್ಷರಗಳಲ್ಲೂ ಹೆಚ್ಚುಕಡಿಮೆ ಒಂದೇ. ಅದನ್ನು ವಿಂಡೋಸಿನ ಹಳೆಯ ಪಾಶ್ಚಾತ್ಯ ಸಂಕೇತಪಟ್ಟಿಯಂತೆ ಓದಿದರೆ ಆ ಜೋಡಿ ಕಾಣುತ್ತದೆ. ಮಾಹಿತಿ ಪೂರ್ತಿ ಉಳಿದಿದೆ, ಸೇವ್ ಮಾಡದೆ ಮುಚ್ಚಿ ಸರಿಯಾದ ರೀತಿಯಲ್ಲಿ ತೆರೆದರೆ ಸಾಕು.

ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಕಥೆಯೇ ಬೇರೆ. ಕನ್ನಡವಿಲ್ಲದ ಸಂಕೇತಪಟ್ಟಿಯಲ್ಲಿ ಯಾರೋ ಸೇವ್ ಮಾಡಿದ್ದಾರೆ, ಅಕ್ಷರಗಳು ಹೋಗಿವೆ. ಯಾವ ಪರಿವರ್ತಕವೂ ಅವನ್ನು ಮರಳಿ ತರದು. ಮೂಲದಿಂದ ಮತ್ತೆ ಇಳಿಸಿಕೊಳ್ಳಿ. ಚೌಕದ ಡಬ್ಬಿಗಳು ಕಂಡರೆ ಫಾಂಟ್ ಇಲ್ಲವೆಂದಷ್ಟೇ ಅರ್ಥ. ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ ಯುಐ ಹಾಕಿ ನೋಡಿ.

ಸಮ ಚಿಹ್ನೆ, ಎರಡು ಅಕ್ಷರ, ಮತ್ತೆ ಸಮ ಚಿಹ್ನೆ ಎಂದು ಸಾಗುವ ಉದ್ದನೆಯ ಸರಪಳಿ ಕಂಡರೆ ಅದು ವಿಸಿಎಫ್ (ಫೋನುಗಳು ಸಂಪರ್ಕಗಳನ್ನು ಇಳಿಸಿಕೊಡುವ ಫೈಲಿನ ಬಗೆ) 2.1ರ ಬರಹ. ಹಳೆಯ ಆಂಡ್ರಾಯ್ಡ್ ಫೋನುಗಳು ಇದನ್ನು ಕೊಡುತ್ತವೆ. ಇಲ್ಲಿ ಪ್ರತಿ ಬೈಟನ್ನೂ ಮೂರು ಚಿಹ್ನೆಗಳಲ್ಲಿ ಬರೆಯುವುದರಿಂದ ಒಂದೇ ‘ಕ’ ಒಂಬತ್ತು ಚಿಹ್ನೆ ನುಂಗುತ್ತದೆ. ಇದೂ ಹಾಳಾದ ಮಾಹಿತಿಯಲ್ಲ.

ಕೊನೆಯದು ನಮ್ಮಲ್ಲಿ ಹೆಚ್ಚಾಗಿ ಸಿಗುವ ತೊಡಕು. ಹತ್ತು ಹದಿನೈದು ವರ್ಷದ ಹಿಂದಿನ ಪಟ್ಟಿಯನ್ನು ನುಡಿಯಲ್ಲೋ ಬರಹದಲ್ಲೋ ಯೂನಿಕೋಡ್ ಅಲ್ಲದ ಫಾಂಟ್ ಬಳಸಿ ಟೈಪ್ ಮಾಡಿದ್ದರೆ, ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ, ಪಠ್ಯ ಫೈಲಿಗೆ ಇಳಿಸಿದ ಕೂಡಲೇ ದೊಡ್ಡ ಚಿಕ್ಕ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ. ಪಠ್ಯ ಫೈಲಿನಲ್ಲಿ ಫಾಂಟ್ ಉಳಿಯುವುದಿಲ್ಲವಲ್ಲ. ಇದಕ್ಕೆ ನುಡಿ, ಬರಹ ತಂತ್ರಾಂಶಗಳ ಜೊತೆಗೇ ಬರುವ ಪರಿವರ್ತಕ ಬಳಸಬೇಕು. ಆದರೆ ಪರಿವರ್ತಕಕ್ಕೆ ಇಡೀ ಪಟ್ಟಿ ಸುರಿಯಬೇಡಿ. ಇಂಗ್ಲಿಷಿನಲ್ಲಿ ಬರೆದ ಫ್ಲಾಟ್ ನಂಬರು, ಇಮೇಲ್ ವಿಳಾಸ ಇವನ್ನೂ ಅದು ಕನ್ನಡದ ಸಂಕೇತವೆಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಕನ್ನಡವಿರುವ ಕಾಲಂಗಳನ್ನಷ್ಟೇ ಒಂದೊಂದಾಗಿ ಪರಿವರ್ತಿಸಿ, ಬಳಿಕ ಒತ್ತಕ್ಷರ ಮತ್ತು ಅರ್ಕಾವೊತ್ತು ಇರುವ ಹೆಸರುಗಳನ್ನು ಕಣ್ಣಾರೆ ನೋಡಿ.

ಯಾವುದರ ಮೇಲೆ ಅಳೆಯಬೇಕು

ನಾಲ್ಕು ವಿಷಯ ಮುಖ್ಯ. ಕನ್ನಡ ಅಕ್ಷರ ಹಾಗೆಯೇ ಉಳಿಯಬೇಕು. ವಿಳಾಸದ ಒಳಗಿನ ಕಾಮಾ ಮತ್ತು ಸಾಲು ಮುರಿತದಿಂದ ಕಾಲಂ ಅಡ್ಡಾದಿಡ್ಡಿ ಆಗಬಾರದು. ‘3ನೇ ಅಡ್ಡರಸ್ತೆ, 2ನೇ ಹಂತ, ವಿಜಯನಗರ, ಬೆಂಗಳೂರು 560040’ ಎಂಬ ಸಾಧಾರಣ ವಿಳಾಸದಲ್ಲೇ ಮೂರು ಕಾಮಾ ಇವೆ. ಅಂಕಿಯಂತೆ ಕಾಣುವುದು ಲೆಕ್ಕದ ಸಂಖ್ಯೆಯಾಗಿ ಬದಲಾಗಬಾರದು. ಕೊನೆಯದಾಗಿ, ಫೈಲ್ ಮುಂದೆ ಯಾರ ಕೈಗೆ ಹೋಗುತ್ತದೆ: ಇನ್ನೊಂದು ಫೋನಿಗೋ, ಚೀಟಿ ಮುದ್ರಿಸುವ ವರ್ಡ್‌ಗೋ, ಪೇಜ್‌ಮೇಕರ್ ಬಳಸುವ ಮುದ್ರಣಾಲಯಕ್ಕೋ? ಉಳಿದ ಮೂರರಲ್ಲಿ ಸರಿಸಮ ಕಂಡರೆ ಈ ಕೊನೆಯದೇ ತೀರ್ಮಾನ ಮಾಡುತ್ತದೆ.

ಖರ್ಚಿನ ಮಾತು ಚಿಕ್ಕದು, ಏಕೆಂದರೆ ಎಲ್ಲ ಕೆಲಸವೂ ಪುಕ್ಕಟೆ ತಂತ್ರಾಂಶಗಳಲ್ಲಿ ಆಗುತ್ತದೆ. ಗೌಪ್ಯತೆ ದೊಡ್ಡದು. ವಿಸಿಎಫ್ ಫೈಲನ್ನು ಅಪ್‌ಲೋಡ್ ಮಾಡಿದರೆ ಸಿಎಸ್‌ವಿ (ಕಾಮಾದಿಂದ ಕಾಲಂ ಬೇರ್ಪಡಿಸಿದ ಪಠ್ಯ ಫೈಲ್) ಮಾಡಿಕೊಡುವ ಜಾಲತಾಣಗಳು ಬೇಕಾದಷ್ಟಿವೆ. ಅಲ್ಲಿ ಹೋಗುವುದು ನಿಮ್ಮ ಮಾಹಿತಿಯಲ್ಲ, ನಿಮ್ಮನ್ನು ನಂಬಿ ನಂಬರು ಕೊಟ್ಟ ನೂರಾರು ಜನರದ್ದು. ಬೇಡ.

ಫೈಲಿನ ಬಗೆಗಳು

ಸಿಎಸ್‌ವಿ ಎಲ್ಲೆಡೆ ಸಿಗುತ್ತದೆ, ಎಲ್ಲರೂ ತೆಗೆದುಕೊಳ್ಳುತ್ತಾರೆ. 2005ರ ಆರ್‌ಎಫ್‌ಸಿ 4180 ಎಂಬ ಅಂತರ್ಜಾಲ ದಾಖಲೆ ಇದರ ನಿಯಮಗಳನ್ನು ಬರೆದಿಟ್ಟಿದೆ: ಕಾಮಾ, ಸಾಲು ಮುರಿತ ಅಥವಾ ಉದ್ಧರಣ ಚಿಹ್ನೆ ಇರುವ ಅಂಕಣವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡಬೇಕು, ಒಳಗೆ ಉದ್ಧರಣ ಚಿಹ್ನೆ ಬಂದರೆ ಅದನ್ನು ಎರಡು ಸಲ ಬರೆಯಬೇಕು. ಗೂಗಲ್ ಕಾಂಟ್ಯಾಕ್ಟ್ಸ್ ಇದನ್ನು ಪಾಲಿಸುತ್ತದೆ. ಕೈಯಲ್ಲಿ ಟೈಪ್ ಮಾಡಿದವರು ಪಾಲಿಸುವುದಿಲ್ಲ. ಆಗ ಪಿನ್ ಕೋಡ್ ದೇಶದ ಕಾಲಂಗೆ, ಊರು ರಾಜ್ಯದ ಕಾಲಂಗೆ ಜಾರುತ್ತವೆ. ಎಷ್ಟು ಕಾಮಾ ಇತ್ತೋ ಅಷ್ಟು ಮನೆ ಬಲಕ್ಕೆ.

ಗೂಗಲ್ ಸಿಎಸ್‌ವಿಯಲ್ಲಿ ಇನ್ನೆರಡು ಗುಣ ತಿಳಿದಿರಲಿ. ಒಬ್ಬರಿಗೆ ಒಂದೇ ಹೆಸರಿನ ಲೇಬಲ್ ಅಡಿ ಎರಡು ನಂಬರಿದ್ದರೆ ಅವು ಒಂದೇ ಕೋಶದಲ್ಲಿ ನಡುವೆ ಮೂರು ವಿಸರ್ಗ ಬಿಂದುಗಳಂತೆ ‘ ::: ’ ಎಂಬ ಗುರುತಿನೊಂದಿಗೆ ಬರುತ್ತವೆ. ಎರಡನೆಯದು, ವಿಳಾಸ ಎರಡು ರೂಪದಲ್ಲಿ ಇಳಿಯುತ್ತದೆ: ರಸ್ತೆ, ಊರು, ಪಿನ್ ಬೇರೆಬೇರೆಯಾಗಿ ಒಮ್ಮೆ, ಸಾಲು ಮುರಿತಗಳೊಂದಿಗೆ ಒಟ್ಟಾಗಿ ‘ಫಾರ್ಮ್ಯಾಟೆಡ್’ ಎಂಬ ಕಾಲಂನಲ್ಲಿ ಮತ್ತೊಮ್ಮೆ. ಚೀಟಿ ಮುದ್ರಣಕ್ಕೆ ಒಟ್ಟಾಗಿರುವುದೇ ಚೆನ್ನ. ಪಿನ್ ಪ್ರಕಾರ ವಿಂಗಡಿಸಬೇಕಿದ್ದರೆ ಬಿಡಿ ಕಾಲಂಗಳು ಬೇಕು. ಫೋನಿನಲ್ಲಿ ಇಡೀ ವಿಳಾಸವನ್ನು ರಸ್ತೆಯ ಜಾಗದಲ್ಲೇ ತುರುಕಿದವರ ಪಟ್ಟಿಯಲ್ಲಿ ಬಿಡಿ ಕಾಲಂಗಳು ಖಾಲಿ ಇರುತ್ತವೆ, ಅದಕ್ಕೆ ಯಾವ ಫೈಲೂ ಪರಿಹಾರವಲ್ಲ.

ಟ್ಯಾಬ್ ಫೈಲ್, ಅಂದರೆ ಕಾಮಾ ಬದಲು ಟ್ಯಾಬ್‌ನಿಂದ ಬೇರ್ಪಡಿಸಿದ ಪಠ್ಯ. ಕನ್ನಡ ವಿಳಾಸಗಳಿಗೆ ನಾವು ಮೊದಲು ಸೂಚಿಸುವುದು ಇದನ್ನೇ. ವಿಳಾಸದ ನಡುವೆ ಕಾಮಾ ಎಷ್ಟಾದರೂ ಬರಲಿ, ಟ್ಯಾಬ್ ಬರುವುದು ಅಪರೂಪ. ನೋಟ್‌ಪ್ಯಾಡಿನಲ್ಲಿ ತೆರೆದರೂ ಕಣ್ಣಿಗೆ ಅರ್ಥವಾಗುತ್ತದೆ, ವರ್ಡ್‌ನಲ್ಲಿ ಆಯ್ದು ಕೋಷ್ಟಕ ಮಾಡಬಹುದು. ಆದರೆ ಸಾಲು ಮುರಿತ ಒಳಗಿದ್ದರೆ ಇದೂ ಕೆಡುತ್ತದೆ, ಮುಂಚೆಯೇ ತೆಗೆಯಬೇಕು. ಮತ್ತು ಬಹಳಷ್ಟು ಕಾಂಟ್ಯಾಕ್ಟ್ ತಂತ್ರಾಂಶಗಳು ನೇರವಾಗಿ ಟ್ಯಾಬ್ ಫೈಲ್ ಕೊಡುವುದಿಲ್ಲ, ಸಿಎಸ್‌ವಿ ಇಳಿಸಿ ಬದಲಿಸಿಕೊಳ್ಳಬೇಕು.

ವಿಸಿಎಫ್ ಒಂದು ಫೋನಿನಿಂದ ಇನ್ನೊಂದಕ್ಕೆ ಸಾಗಿಸಲು, ಬ್ಯಾಕಪ್ ಇಡಲು ಬೇರೆ ಯಾವುದಕ್ಕಿಂತಲೂ ಮೇಲು. ಎಷ್ಟು ನಂಬರು, ಎಷ್ಟು ವಿಳಾಸ ಇದ್ದರೂ ಹಿಡಿಸುತ್ತದೆ, ಫೋಟೋ ಕೂಡ. ಓದುವ ಪಟ್ಟಿಯಾಗಿ ಮಾತ್ರ ಅದು ಕಷ್ಟ. ವಿಳಾಸದ ಸಾಲಿನಲ್ಲಿ ಏಳು ಅಂಕಣಗಳು ಅರ್ಧವಿರಾಮದಿಂದ ಬೇರ್ಪಟ್ಟಿರುತ್ತವೆ: ಅಂಚೆ ಪೆಟ್ಟಿಗೆ, ಹೆಚ್ಚುವರಿ ವಿಳಾಸ, ರಸ್ತೆ, ಊರು, ರಾಜ್ಯ, ಪಿನ್, ದೇಶ. ಮೊದಲ ಎರಡು ಸಾಮಾನ್ಯವಾಗಿ ಖಾಲಿ, ಆದ್ದರಿಂದ ಸಾಲು ಎರಡು ಅರ್ಧವಿರಾಮದಿಂದಲೇ ಶುರುವಾಗುತ್ತದೆ. ಅವನ್ನು ಕಸವೆಂದು ಅಳಿಸಿದರೆ ಮುಂದಿನದೆಲ್ಲ ಎರಡು ಮನೆ ಎಡಕ್ಕೆ. ಒಳಗಿನ ಕಾಮಾಗಳ ಹಿಂದೆ ಬ್ಯಾಕ್‌ಸ್ಲ್ಯಾಷ್ ಇರುತ್ತದೆ. ಉದ್ದನೆಯ ಸಾಲನ್ನು 75 ಬೈಟ್‌ಗೆ ಮಡಚಿ, ಮುಂದಿನ ಸಾಲನ್ನು ಒಂದು ಖಾಲಿ ಜಾಗದಿಂದ ಆರಂಭಿಸುವ ಪದ್ಧತಿಯೂ ಉಂಟು. ಕನ್ನಡದಲ್ಲಿ ಅದು 25 ಸಂಕೇತಗಳಷ್ಟೇ. ಹಳೆಯ ಕೆಲವು ತಂತ್ರಾಂಶಗಳು ಅಕ್ಷರದ ನಡುಬೈಟಿನಲ್ಲೇ ಮಡಚುತ್ತಿದ್ದವು, 2011ರ 4.0 ಆವೃತ್ತಿಯ ನಿಯಮ ಅದನ್ನು ಸ್ಪಷ್ಟವಾಗಿ ನಿಷೇಧಿಸಿತು. ಉದ್ದ ಹೆಸರುಗಳಲ್ಲಿ ನಡುವೆ ಒಂದೇ ಒಂದು ಅಕ್ಷರ ಮುರಿದಿದ್ದರೆ ಕಾರಣ ಇದೇ ಇರಬಹುದು. ಸಾಲು ಮುರಿತವನ್ನೂ ಅದರ ಮುಂದಿನ ಒಂದು ಖಾಲಿ ಜಾಗವನ್ನೂ ಒಟ್ಟಿಗೆ ತೆಗೆದರೆ ಅಕ್ಷರ ಕೂಡಿಕೊಳ್ಳುತ್ತದೆ.

ನಿಗದಿತ ಅಗಲದ ಪಠ್ಯವನ್ನು, ಅಂದರೆ ಖಾಲಿ ಜಾಗ ತುಂಬಿ ಕಾಲಂ ನೇರ ಮಾಡುವುದನ್ನು, ಕನ್ನಡಕ್ಕೆ ಯೋಚಿಸಲೇಬೇಡಿ. ‘ಶ್ರೀ’ ನೋಡಲು ಒಂದು ಅಕ್ಷರ, ಒಳಗೆ ನಾಲ್ಕು ಸಂಕೇತ, 12 ಬೈಟ್. ಯಾವ ಎಣಿಕೆಯಲ್ಲೂ ಅಂಚು ಕೂಡುವುದಿಲ್ಲ.

ತೆರೆಯುವ ತಂತ್ರಾಂಶ

ಎಕ್ಸೆಲ್ ಚಂದಾ ಕಟ್ಟಿ ಬಳಸುವವರ ಬಳಿ ಹೇಗೂ ಇದೆ, ಕಚೇರಿಗಳಲ್ಲಿ ಅದೇ ರೂಢಿ. ವಿಳಾಸ ಕೆಡಿಸುವುದರಲ್ಲೂ ಅದೇ ಮುಂದು. ಫೈಲಿನ ಮೊದಲಲ್ಲಿ ಬಾಮ್ ಎಂಬ ಮೂರು ಬೈಟಿನ ಗುರುತು ಇಲ್ಲದಿದ್ದರೆ ಡಬಲ್ ಕ್ಲಿಕ್ಕಿಗೆ ಅದು ಯುಟಿಎಫ್-8 ಎಂದು ಗುರುತಿಸುವುದಿಲ್ಲ. 12 ಅಂಕಿ ಅಥವಾ ಹೆಚ್ಚಿನದನ್ನು ಘಾತ ರೂಪದಲ್ಲಿ ತೋರಿಸುತ್ತದೆ. 91 ಸೇರಿಸಿದ ಮೊಬೈಲ್ ನಂಬರು ಸರಿಯಾಗಿ 12 ಅಂಕಿ! ಹಾಗೇ ಸಿಎಸ್‌ವಿಯಾಗಿ ಸೇವ್ ಮಾಡಿದರೆ ಕಾಣುವ ರೂಪವೇ ಬರೆದುಕೊಳ್ಳುತ್ತದೆ, ಕೊನೆಯ ಅಂಕಿಗಳು ಸೊನ್ನೆಗಳಾಗಿ ಹೋಗುತ್ತವೆ. 080 ಎಂಬ ಎಸ್‌ಟಿಡಿ ಕೋಡ್ 80 ಆಗುತ್ತದೆ. ನಮ್ಮ ಪಿನ್ ಕೋಡ್ ಸೊನ್ನೆಯಿಂದ ಶುರುವಾಗುವುದಿಲ್ಲವಾದ್ದರಿಂದ ಇಲ್ಲಿನವರಿಗೆ ಅದು ಕಾಡದು. ಆದರೆ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಬಂಧುಗಳ 08820 ಎಂಬುದು 8820 ಆಗುತ್ತದೆ.

ಎಕ್ಸೆಲ್ಲೇ ಬೇಕೆಂದಿದ್ದರೆ ಡಬಲ್ ಕ್ಲಿಕ್ ಬಿಟ್ಟು ಖಾಲಿ ಹಾಳೆ ತೆರೆಯಿರಿ. ‘ಡೇಟಾ’ ಪಟ್ಟಿಯಲ್ಲಿ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಒತ್ತಿ ಫೈಲ್ ಆರಿಸಿ. ‘ಫೈಲ್ ಒರಿಜಿನ್’ನಲ್ಲಿ 65001 ಯುನಿಕೋಡ್ ಯುಟಿಎಫ್-8, ‘ಡಿಲಿಮಿಟರ್’ನಲ್ಲಿ ಕಾಮಾ, ‘ಡೇಟಾ ಟೈಪ್ ಡಿಟೆಕ್ಷನ್’ನಲ್ಲಿ ‘ಡು ನಾಟ್ ಡಿಟೆಕ್ಟ್’ ಆರಿಸಿ. ಈ ಮೂರನೆಯದನ್ನು ಮರೆಯುವವರೇ ಜಾಸ್ತಿ. 12/4 ಏಪ್ರಿಲ್‌ಗೆ ಹೋಗುವುದು ಅಲ್ಲೇ. ಸೇವ್ ಮಾಡುವಾಗ ‘ಸಿಎಸ್‌ವಿ ಯುಟಿಎಫ್-8’ ಎಂದಿರುವುದನ್ನೇ ಆರಿಸಿ. ಬರೀ ‘ಸಿಎಸ್‌ವಿ’ ಮತ್ತು ‘ಟೆಕ್ಸ್ಟ್ ಟ್ಯಾಬ್ ಡಿಲಿಮಿಟೆಡ್’ ಎರಡೂ ಕನ್ನಡವನ್ನು ಪ್ರಶ್ನಾರ್ಥಕ ಮಾಡುತ್ತವೆ. ಟ್ಯಾಬ್ ಫೈಲ್ ಬೇಕಿದ್ದರೆ ‘ಯುನಿಕೋಡ್ ಟೆಕ್ಸ್ಟ್’ ಇದೆ, ಅದು ಯುಟಿಎಫ್-16ರಲ್ಲಿ ಉಳಿಯುತ್ತದೆ, ವರ್ಡ್ ಅದನ್ನು ಸಲೀಸಾಗಿ ಓದುತ್ತದೆ. ಜರ್ಮನಿಯಂಥ ದೇಶಗಳ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ ಅರ್ಧವಿರಾಮವೇ ವಿಭಾಜಕ, ಅಲ್ಲಿ ಕಾಮಾ ಫೈಲ್ ಪೂರ್ತಿ ಮೊದಲ ಕಾಲಂನಲ್ಲೇ ಬಂದು ಕೂರುತ್ತದೆ. ಅದಕ್ಕೂ ಇದೇ ದಾರಿ.

ಲಿಬ್ರೆಆಫೀಸ್ ಕ್ಯಾಲ್ಕ್ ಪುಕ್ಕಟೆ, ಫೈಲ್ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ಮತ್ತು ಸಿಎಸ್‌ವಿ ತೆರೆದಾಗ ಏನು ಮಾಡಲಿ ಎಂದು ಕೇಳಿಯೇ ಮುಂದುವರಿಯುತ್ತದೆ. ಈ ಒಂದು ಗುಣಕ್ಕಾಗಿಯೇ ಹೊಸಬರಿಗೂ ಇದು ಒಳ್ಳೆಯ ಆಯ್ಕೆ. ಕೇಳುವ ಕಿಟಕಿಯಲ್ಲಿ ‘ಕ್ಯಾರೆಕ್ಟರ್ ಸೆಟ್’ ಯುಟಿಎಫ್-8 ಇರಲಿ. ‘ಸೆಪರೇಟೆಡ್ ಬೈ’ ಅಡಿಯಲ್ಲಿ ಕಾಮಾ ಒಂದೇ ಟಿಕ್ ಆಗಿರಲಿ; ಹಿಂದಿನ ಸಲ ಹಾಕಿದ ‘ಸ್ಪೇಸ್’ ಟಿಕ್ ಉಳಿದಿದ್ದರೆ ವಿಳಾಸ ಪದಪದವಾಗಿ ಚೂರಾಗುತ್ತದೆ. ‘ಮರ್ಜ್ ಡಿಲಿಮಿಟರ್ಸ್’ ಖಂಡಿತ ಬೇಡ, ಖಾಲಿ ಕೋಶಗಳು ಮಾಯವಾಗಿ ಪಿನ್ ಬಂದು ಊರಿನ ಕಾಲಂನಲ್ಲಿ ಕೂರುತ್ತದೆ. ಕೆಳಗಿನ ಮುನ್ನೋಟದಲ್ಲಿ ಮೊದಲ ಕಾಲಂನ ತಲೆ ಒತ್ತಿ, ಶಿಫ್ಟ್ ಹಿಡಿದು ಕೊನೆಯದನ್ನು ಒತ್ತಿ, ‘ಕಾಲಂ ಟೈಪ್’ ಅನ್ನು ‘ಟೆಕ್ಸ್ಟ್’ ಮಾಡಿ. ಸೇವ್ ಮಾಡುವಾಗ ‘ಟೆಕ್ಸ್ಟ್ ಸಿಎಸ್‌ವಿ’ ಆರಿಸಿ ‘ಎಡಿಟ್ ಫಿಲ್ಟರ್ ಸೆಟ್ಟಿಂಗ್ಸ್’ ಟಿಕ್ ಮಾಡಿದರೆ ವಿಭಾಜಕವನ್ನು ಟ್ಯಾಬ್ ಮಾಡಬಹುದು, ‘ಕೋಟ್ ಆಲ್ ಟೆಕ್ಸ್ಟ್ ಸೆಲ್ಸ್’ ಹಾಕಬಹುದು.

ಗೂಗಲ್ ಶೀಟ್ಸ್ ಕಂಪ್ಯೂಟರಿನಲ್ಲಿ ಏನೂ ಇನ್‌ಸ್ಟಾಲ್ ಮಾಡಲಾಗದವರಿಗೆ, ಪಟ್ಟಿಯನ್ನು ನಾಲ್ಕು ಜನ ಸೇರಿ ತಿದ್ದುವವರಿಗೆ. ‘ಫೈಲ್’, ‘ಇಂಪೋರ್ಟ್’, ‘ಅಪ್‌ಲೋಡ್’ ಎಂದು ಹೋಗಿ ‘ಕನ್ವರ್ಟ್ ಟೆಕ್ಸ್ಟ್ ಟು ನಂಬರ್ಸ್, ಡೇಟ್ಸ್ ಅಂಡ್ ಫಾರ್ಮುಲಾಸ್’ ಎಂಬ ಟಿಕ್ ತೆಗೆಯಿರಿ. ಕನ್ನಡದ ತೊಂದರೆ ಇಲ್ಲಿ ಬರುವುದೇ ಇಲ್ಲ. ಆದರೆ ಅಲ್ಲಿಂದ ಇಳಿಸಿದ ಸಿಎಸ್‌ವಿಯಲ್ಲಿ ಬಾಮ್ ಇರುವುದಿಲ್ಲ, ಅದನ್ನು ಪಡೆದವರು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಮತ್ತೆ ಗೀಟು ಚುಕ್ಕಿ. ಕಳಿಸುವ ಮುಂಚೆ ನೋಟ್‌ಪ್ಯಾಡಿನಲ್ಲಿ ತೆರೆದು ‘ಸೇವ್ ಆ್ಯಸ್’ನಲ್ಲಿ ‘ಯುಟಿಎಫ್-8 ವಿತ್ ಬಾಮ್’ ಆರಿಸಿ.

ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶ ವಿಸಿಎಫ್ ಇರುವವರಿಗೆ. ವಿಳಾಸಪುಸ್ತಕಕ್ಕೆ ವಿಸಿಎಫ್ ಇಂಪೋರ್ಟ್ ಮಾಡಿ ಸಿಎಸ್‌ವಿಯಾಗಿಯೋ ಟ್ಯಾಬ್ ಫೈಲಾಗಿಯೋ ಹೊರತೆಗೆಯಬಹುದು, ಯಾವ ಜಾಲತಾಣಕ್ಕೂ ಕೊಡಬೇಕಿಲ್ಲ. ಎಕ್ಸ್‌ಪೋರ್ಟ್ ಪಟ್ಟಿಯಲ್ಲಿ ಈ ಎರಡೂ ಬಗೆ ಎರಡೆರಡು ಸಲ ಕಾಣುತ್ತವೆ, ‘ಸಿಸ್ಟಮ್ ಚಾರ್‌ಸೆಟ್’ ಎಂದೊಂದು, ‘ಯುಟಿಎಫ್-8’ ಎಂದೊಂದು. ಎರಡನೆಯದೇ ನಿಮ್ಮದು. ಅಲ್ಲೇ ಇರುವ ಎಲ್‌ಡಿಐಎಫ್ ಎಂಬ ಬಗೆ ಆರಿಸಿದರೆ ಕನ್ನಡ ಬೇಸ್64 ಎಂಬ ಸಂಕೇತ ಬರಹವಾಗಿ ಬರುತ್ತದೆ, ಮನುಷ್ಯರಿಗೆ ಓದಲಾಗದು. ಗೂಗಲ್ ಖಾತೆಯೇ ಒಪ್ಪಿಗೆ ಎನ್ನುವವರು ವಿಸಿಎಫ್ ಅನ್ನು ಗೂಗಲ್ ಕಾಂಟ್ಯಾಕ್ಟ್ಸ್‌ಗೆ ಹಾಕಿ ಸಿಎಸ್‌ವಿ ಇಳಿಸಬಹುದು. ಒಂದು ಸಲಕ್ಕೆ 3,000 ಸಂಪರ್ಕಗಳ ಮಿತಿ ಇದೆ. ಸಂಘದ ಪಟ್ಟಿ ನಿಮ್ಮ ಸ್ವಂತ ಫೋನಿನ ಹೆಸರುಗಳ ಜೊತೆ ಬೆರೆಯದಂತೆ ಬೇರೆ ಖಾತೆ ಬಳಸುವುದು ಜಾಣತನ.

ಪೈಥಾನ್ ಬಲ್ಲವರಿಗೆ ಒಂದೇ ಮಾತು: ಬಾಮ್ ಇರುವ ಫೈಲನ್ನು ಬರೀ ಯುಟಿಎಫ್-8 ಎಂದು ಓದಿದರೆ ಮೊದಲ ಕಾಲಂ ಹೆಸರಿಗೆ ಕಾಣದ ಒಂದು ಸಂಕೇತ ಅಂಟಿಕೊಂಡು ‘ಆ ಕಾಲಂ ಇಲ್ಲ’ ಎಂಬ ದೋಷ ಬರುತ್ತದೆ. ಎನ್‌ಕೋಡಿಂಗ್ ‘ಯುಟಿಎಫ್-8-ಸಿಗ್’ ಇರಲಿ.

ಒಳಗಿನ ಕಸ ತೆಗೆಯುವಾಗ

ಕೋಶದೊಳಗಿನ ಸಾಲು ಮುರಿತಕ್ಕೆ ಎಕ್ಸೆಲ್‌ನಲ್ಲಿ ಕಂಟ್ರೋಲ್ ಎಚ್ ಒತ್ತಿ, ‘ಫೈಂಡ್’ ಪೆಟ್ಟಿಗೆಯಲ್ಲಿ ಕಂಟ್ರೋಲ್ ಜೆ ಒತ್ತಿ (ಏನೂ ಕಾಣುವುದಿಲ್ಲ, ಸರಿಯೇ), ‘ರೀಪ್ಲೇಸ್’ನಲ್ಲಿ ಕಾಮಾ ಮತ್ತು ಒಂದು ಖಾಲಿ ಜಾಗ ಕೊಡಿ. ಕ್ಯಾಲ್ಕ್ ಮತ್ತು ಶೀಟ್ಸ್‌ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಟಿಕ್ ಮಾಡಿ ಬ್ಯಾಕ್‌ಸ್ಲ್ಯಾಷ್ ಎನ್ ಹುಡುಕಿ. ‘ಕ್ಲೀನ್’ ಫಂಕ್ಷನ್ ಸುಲಭವೆಂದು ಬಳಸಬೇಡಿ, ಅದು ಮುರಿತವನ್ನು ತೆಗೆದು ಏನನ್ನೂ ಇಡುವುದಿಲ್ಲ, ‘ವಿಜಯನಗರಬೆಂಗಳೂರು’ ಎಂದಾಗುತ್ತದೆ.

ಕಾಣದ ಸಂಕೇತಗಳನ್ನೆಲ್ಲ ಗುಡಿಸಿಹಾಕುವ ಉತ್ಸಾಹವೂ ಕನ್ನಡಕ್ಕೆ ಅಪಾಯ. ‘ಲಾಲ್‌ಬಾಗ್’ನಲ್ಲಿ ‘ಲ್’ ಮತ್ತು ‘ಬಾ’ ನಡುವೆ ಶೂನ್ಯ ಅಗಲದ ಒಂದು ಸಂಕೇತವಿದೆ. ತೆಗೆದರೆ ‘ಲಾಲ್ಬಾಗ್’. ಹಾಗೆಂದು ಕೆಲವರು ಅದನ್ನು ಹಾಕಿಯೂ ಕೆಲವರು ಹಾಕದೆಯೂ ಟೈಪ್ ಮಾಡಿರುವುದರಿಂದ ಒಂದೇ ಹೆಸರು ಎರಡು ಸಲ ಪಟ್ಟಿಯಲ್ಲಿ ಉಳಿಯುತ್ತದೆ. ನಕಲು ಹುಡುಕಲು ಬೇರೊಂದು ಕಾಲಂನಲ್ಲಿ ಆ ಸಂಕೇತ ತೆಗೆದ ಪ್ರತಿ ಮಾಡಿಕೊಳ್ಳಿ, ಮುದ್ರಣಕ್ಕೆ ಮೂಲ ಕಾಲಂ ಬಳಸಿ. ೫೬೦೦೪೦ ಎಂದು ಕನ್ನಡ ಅಂಕಿಯಲ್ಲಿ ಬರೆದ ಪಿನ್‌ಗಳನ್ನು ಮಾತ್ರ ಒಂದೇ ಬಗೆಗೆ ತನ್ನಿ, ಇಲ್ಲದಿದ್ದರೆ ವಿಂಗಡಣೆಯಲ್ಲಿ ಅವು ಬೇರೆಯೇ ಗುಂಪಾಗುತ್ತವೆ.

ಯಾರಿಗೆ ಯಾವುದು

ಫೋನ್ ಬದಲಾಯಿಸುವವರಿಗೆ ವಿಸಿಎಫ್ ಸಾಕು, ತೆರೆದು ನೋಡುವ ಕುತೂಹಲವೂ ಬೇಡ. ಇನ್ನೂರು ಮುನ್ನೂರು ಲಗ್ನಪತ್ರಿಕೆಗೆ ಗೂಗಲ್ ಸಿಎಸ್‌ವಿ ಇಳಿಸಿ, ಕ್ಯಾಲ್ಕ್‌ನಲ್ಲಿ ಎಲ್ಲ ಕಾಲಂ ಟೆಕ್ಸ್ಟ್ ಮಾಡಿ, ಟ್ಯಾಬ್ ಫೈಲಾಗಿಸಿ ಚೀಟಿ ಮುದ್ರಿಸುವುದು ಸುಲಭದ ದಾರಿ. ವರ್ಷವಿಡೀ ಬದಲಾಗುವ ಸಂಘದ ಪಟ್ಟಿಗೆ ಗೂಗಲ್ ಶೀಟ್ಸೇ ಅನುಕೂಲ, ಯಾರು ತಿದ್ದಬಹುದು ಎಂಬುದನ್ನು ಬಿಗಿ ಮಾಡಿದರೆ. ಕಚೇರಿಯಲ್ಲಿ ಎಕ್ಸೆಲ್ ಬಿಟ್ಟು ಬೇರೆ ಇಲ್ಲವೆಂದರೆ ಇಂಪೋರ್ಟ್ ಮೂಲಕವೇ ತೆರೆಯಿರಿ, ಫೈಲ್ ಹಂಚಿಕೊಳ್ಳುವಾಗ ಎಕ್ಸೆಲ್ ಫೈಲಾಗಿಯೇ ಕೊಡಿ. ಮತ್ತೆ ಸಿಎಸ್‌ವಿಗೆ ಹೋಗಬೇಡಿ. ಮುದ್ರಣಾಲಯಕ್ಕೆ ಕೊಡುವ ಮುಂಚೆ ಅವರ ಪುಟವಿನ್ಯಾಸ ಯೂನಿಕೋಡ್ ಒಪ್ಪುತ್ತದೆಯೇ ಕೇಳಿ. ಒಪ್ಪದಿದ್ದರೆ ಹಳೆಯ ಸಂಕೇತಕ್ಕೆ ಪರಿವರ್ತನೆ ಕಟ್ಟಕಡೆಯ ಹೆಜ್ಜೆಯಾಗಲಿ, ಯೂನಿಕೋಡ್ ಮೂಲ ನಿಮ್ಮಲ್ಲೇ ಇರಲಿ.

ಯಾವ ದಾರಿ ಹಿಡಿದರೂ ಇಡೀ ಪಟ್ಟಿಗೆ ಕೈ ಹಾಕುವ ಮುನ್ನ ಐದು ಸಾಲಿನ ಮಾದರಿ ಫೈಲ್ ಮಾಡಿ: ಅತಿ ಉದ್ದದ ಕನ್ನಡ ವಿಳಾಸ, ಕಾಮಾ ತುಂಬಿದ್ದೊಂದು, ಮನೆ ನಂಬರಿನಲ್ಲಿ ಓರೆ ಗೀಟು ಇರುವುದು, ಎರಡು ಮೊಬೈಲ್ ಇರುವವರದು, ಸೊನ್ನೆಯಿಂದ ಶುರುವಾಗುವ ಹೊರದೇಶದ ಪಿನ್. ಈ ಐದು ಕೊನೆಯವರೆಗೆ ಸರಿಯಾಗಿ ಹೋದರೆ ಉಳಿದವೂ ಹೋಗುತ್ತವೆ. ಪೂರ್ಣ ಪಟ್ಟಿಯಲ್ಲಿ ಕಾಂಟ್ಯಾಕ್ಟ್ಸ್ ತೋರಿಸುವ ಒಟ್ಟು ಸಂಖ್ಯೆಯೂ ಸಾಲುಗಳ ಸಂಖ್ಯೆಯೂ ತಾಳೆಯಾಗಬೇಕು (ಶಿರೋನಾಮೆಯ ಒಂದು ಸಾಲು ಬಿಟ್ಟು). ಹೆಚ್ಚು ಬಂದರೆ ಎಲ್ಲೋ ಸಾಲು ಮುರಿತ ಉಳಿದಿದೆ. ಪಿನ್ ಕಾಲಂ ಪ್ರಕಾರ ವಿಂಗಡಿಸಿದರೆ ಜಾರಿದ ಸಾಲುಗಳು ತಾವಾಗಿ ಮೇಲಕ್ಕೋ ಕೆಳಕ್ಕೋ ಬಂದು ನಿಲ್ಲುತ್ತವೆ. ಚೀಟಿಯ ಮೊದಲ ಪುಟವನ್ನು ಸಾದಾ ಎ4 ಹಾಳೆಯಲ್ಲಿ ಮುದ್ರಿಸಿ, ಅಂಟುಹಾಳೆಯ ಜೊತೆ ಬೆಳಕಿಗೆ ಹಿಡಿದು ನೋಡಿ. ಪ್ರಿಂಟರ್ ಸೆಟ್ಟಿಂಗಿನಲ್ಲಿ ‘ಫಿಟ್ ಟು ಪೇಜ್’ ಇದ್ದರೆ ತೆಗೆದು 100% ಮಾಡಿ, ಇಲ್ಲದಿದ್ದರೆ ಕೆಳಗಿನ ಸಾಲಿನ ಚೀಟಿಗಳಲ್ಲಿ ಪಿನ್ ಕೋಡ್ ಅಂಚು ದಾಟಿರುತ್ತದೆ.